ನೀರ್ಹುಲಿಯ ಅಳಿಯ

ಸರ್ಜಪ್ಪ ಮಡು ಕದ್ದ. ಕೋಳಿ ಕದ್ದವನನ್ನು ಕಂಬಕ್ಕೆ ಕಟ್ಟುವ ಸೀಮೆ ಅದು. ಮಡು ಕದ್ದವನಿಗೆ ಮಾತ್ರ ಪೇಟ ಸುತ್ತಿದರು.

ಕಾರೆಕಲ್ಲಿನ ಪಾಳೆಯಗಾರ ಬಿಲ್ಲಪ್ಪನಾಯಕನ ಹೆಂಡತಿಯ ತಮ್ಮ ಈ ಸರ್ಜಪ್ಪ. ಕೆಲಸ ಇರಲಿಲ್ಲ, ಮೀಸೆ ಇತ್ತು. ಹೊಳೆಯ ಮಡುವಿನಲ್ಲಿ ಬೆಸ್ತರು ಮೀನು ಹಿಡಿದು ಬದುಕುತ್ತಿದ್ದರು. ಆ ಮೀನಿನ ಮೇಲೆ ಅವನ ಕಣ್ಣು ಬಿತ್ತು. ಒಂದು ದಿನ ಮೊಳದುದ್ದದ ಎರಡು ಕೋರೆಹಲ್ಲು ತಂದು ದೊರೆಯ ಮುಂದಿಟ್ಟ.

“ನೀರ್ಹುಲಿ, ಭಾವ. ಈಗಿನ ಹುಲಿಗಳು ಹುಟ್ಟೋಕೆ ಮುಂಚಿನ ಜಾತಿ. ನೆಲದ ಮೇಲಿದ್ದವೆಲ್ಲ ಸತ್ತುಹೋದವು. ಮಡುವಿನ ತಳದಲ್ಲಿ ಒಂದು ಸಂಸಾರ ಉಳಕೊಂಡಿದೆ. ಹೆಣ್ಣೊಂದು ಮೈಮೇಲೆ ಬಂತು, ಬರಿಗೈಯಲ್ಲಿ ಕೊಂದೆ.”

ಹೆಣ ಎಲ್ಲಿ ಅಂತ ದೊರೆ ಕೇಳಿದ. ಉಳಿದವು ನೀರಿಗೆ ಎಳೆದುಕೊಂಡು ಹೋದವು ಅಂದ. ಹಲ್ಲು ಯಾವುದೋ ಸತ್ತ ಮರಿಯಾನೆಯದು. ದೊರೆಗೆ ಅದು ತಿಳಿಯಲಿಲ್ಲವೋ, ಹೆಂಡತಿಗೆ ಹೆದರಿದನೋ, ಮಡುವಿನ ಕಾವಲನ್ನು ಸರ್ಜಪ್ಪನಿಗೇ ಬಿಟ್ಟುಕೊಟ್ಟ.

ಮಡುವಿನ ಸುತ್ತ ಮುಳ್ಳುಬೇಲಿ ಬಿತ್ತು. ಬೆಸ್ತರ ಬಲೆಗಳು ಸೂರಿನಲ್ಲಿ ಒಣಗಿದವು, ಮಕ್ಕಳು ಕಾಡುಗೆಣಸು ಅಗೆದು ತಿಂದವು. ಸರ್ಜಪ್ಪನ ಆಳುಗಳು ದಿನಾ ಅದೇ ನೀರಿಗಿಳಿದು ಬುಟ್ಟಿಗಟ್ಟಲೆ ಮೀನು ಎತ್ತುತ್ತಿದ್ದರು. ಅವರನ್ನು ಯಾವ ಹುಲಿಯೂ ಮುಟ್ಟಲಿಲ್ಲ. ಯಾಕೆ ಅಂತ ಕೇಳಿದವನ ಬೆನ್ನಿಗೆ ಬಾರುಕೋಲು ಬಿತ್ತು.

ದೊರೆಗೆ ವೀಳ್ಯ ಮಡಿಸಿ ಕೊಡುತ್ತಿದ್ದ ಚೌಡಕ್ಕ ಹುಟ್ಟಿದ್ದು ಬೆಸ್ತರ ಕೇರಿಯಲ್ಲಿ. ಅವಳ ಬಾಯಿಗೆ ಇಡೀ ಅರಮನೆ ಹೆದರುತ್ತಿತ್ತು. ಅಂಥವಳು ಎಲೆಗೆ ಸುಣ್ಣ ಸವರುತ್ತಾ ಸರ್ಜಪ್ಪನನ್ನು ಹೊಗಳಿದಳು.

“ಹುಲಿ ಕೊಂದೋರಿಗೆ ಆ ಸತ್ತ ಹುಲಿ ಜೊತೆನೇ ಮದುವೆ ಮಾಡಿ ಮೆರೆಸೋದು ನಮ್ಮ ಸೀಮೆ ಪದ್ಧತಿ. ಇಂಥ ಹುಲಿ ಕೊಂದೋರಿಗೆ ಒಂದು ಹಿಡಿ ಅಕ್ಷತೆನೂ ಇಲ್ವಾ ಬುದ್ಧಿ?”

ಸರ್ಜಪ್ಪನ ಮೀಸೆ ತಾನಾಗಿ ಮೇಲೆದ್ದಿತು. ದೊರೆ ಒಪ್ಪಿದ. ಹಲ್ಲುಗಳಿಗೆ ಅರಿಶಿನ ಹಚ್ಚಿ, ಕುಪ್ಪಸದ ಬಟ್ಟೆ ಸುತ್ತಿ ಮಣೆಯ ಮೇಲೆ ಇಟ್ಟದ್ದಾಯಿತು. ಆಗ ಚೌಡಕ್ಕ, ಹೆಣ್ಣಿನ ಕಡೆಯವರು ಯಾರು ಅಂತ ಕೇಳಿದಳು. ಪ್ರಾಣಿಗೆ ಬೀಗರಾಗಲು ಯಾರೂ ಮುಂದೆ ಬರಲಿಲ್ಲ. ಮಡುವಿನ ಪಕ್ಕ ಬಿದ್ದಿರುವ ಬೆಸ್ತರೇ ಆಗಲಿ, ಮೀನು ನಾತಕ್ಕೂ ಸರಿಹೋಗುತ್ತೆ ಅಂತ ಸರ್ಜಪ್ಪನೇ ನಕ್ಕ.

ಕೇರಿಯ ಹಿರಿಯ ಮಾರಜ್ಜ ಚೌಡಕ್ಕನ ಮೇಲೆ ರೇಗಿದ. ಹೊಟ್ಟೆಗೆ ಹೊಡೆದವನಿಗೆ ಹೆಣ್ಣು ಬೇರೆ ಕೊಡಬೇಕಾ ಅಂದ.

“ಕೊಡಜ್ಜ. ಹೆಣ್ಣು ಕೊಟ್ಟೋರಿಗೆ ಕೇಳೋ ಬಾಯಿ ಬರುತ್ತೆ.”

ಮಾರಜ್ಜ ಹಲ್ಲು ಕಡಿಯುತ್ತಲೇ ಧಾರೆ ಎರೆದ. ವಾದ್ಯ ಮೊಳಗಿತು. ಸರ್ಜಪ್ಪ ಆನೆಯ ಮೇಲೆ ಕೂತು ಊರೆಲ್ಲ ಸುತ್ತಿದ.

ದೀಪಾವಳಿ ಬಂತು. ಬೆಸ್ತರು ತಟ್ಟೆಯಲ್ಲಿ ಎಣ್ಣೆ, ಸೀಗೆಪುಡಿ ಇಟ್ಟುಕೊಂಡು ಅರಮನೆಗೆ ಬಂದು, ಮೊದಲ ಹಬ್ಬ, ಅಳಿಯಂದಿರು ಅತ್ತೆಮನೆಗೆ, ಅಂದರೆ ಮಡುವಿಗೆ, ನೀರು ಹಾಕಿಸಿಕೊಳ್ಳಲು ಬರಬೇಕು ಅಂತ ಕರೆದರು. ಸರ್ಜಪ್ಪ ನೆಗಡಿ ಅಂದ. ಸೊಂಟ ನೋವು ಅಂದ. ಬರಿಗೈಯಲ್ಲಿ ಹುಲಿ ಕೊಂದವನಿಗೆ ಅತ್ತೆಮನೆ ಅಂದರೆ ಭಯವಾ ಅಂತ ದೊರೆಯೇ ಕೆಣಕಿದ. ಹೋಗದೆ ವಿಧಿಯಿರಲಿಲ್ಲ.

ದೊರೆಯ ಸಮೇತ ಊರೆಲ್ಲ ದಡದಲ್ಲಿ ನೆರೆಯಿತು. ಬೇಲಿಯ ಬಾಗಿಲು ತೆಗೆಸಿ, ಮೈಗೆಲ್ಲ ಎಣ್ಣೆ ಬಳಿಸಿಕೊಂಡ ಸರ್ಜಪ್ಪ ಕುತ್ತಿಗೆ ಮಟ್ಟ ನೀರಿಗಿಳಿದ. ಮುಳುಗಿದ, ಎದ್ದ, ಮೇಲೆ ಬಂದ. ಒಂದು ಏಡಿ ಕೂಡ ಕಚ್ಚಿರಲಿಲ್ಲ. ಹುಲಿ ಎಲ್ಲಿ ಅಂತ ಜನರಲ್ಲಿ ಗುಸುಗುಸು ಶುರುವಾಯಿತು. ಕಳ್ಳನಿಗೂ ಬುದ್ಧಿ ಇರುತ್ತದೆ.

“ಅಳಿಯ ಅಂತ ಗುರುತು ಹಿಡಿದವು. ಮೂಸಿ ನೋಡಿ ಹೋದವು. ಬೇರೆಯೋರು ಇಳಿದ್ರೆ ಮೂಳೆನೂ ಸಿಗಲ್ಲ” ಅಂದ.

ಚೌಡಕ್ಕ ದೊರೆಯ ಕಡೆ ತಿರುಗಿ ತಲೆಯಾಡಿಸಿದಳು. “ನಿಜ ಬುದ್ಧಿ. ಮೊನ್ನೆ ಬಂದ ಅಳಿಯನ್ನೇ ಗುರುತು ಹಿಡಿಯೋ ಮೃಗ, ಧಾರೆ ಎರೆದ ತವರಿನೋರನ್ನ ಮರೆಯುತ್ತಾ?”

ಅವಳ ಮಾತು ಮುಗಿಯುವ ಮುಂಚೆ ಮಾರಜ್ಜ ನೀರಿನಲ್ಲಿದ್ದ. ಹಿಂದೆಯೇ ಕೇರಿಯೆಲ್ಲ ಇಳಿಯಿತು. ಹೆಂಗಸರು ಸೆರಗಿನಲ್ಲೇ ಮೀನು ಬಾಚಿದರು.

ಸರ್ಜಪ್ಪನ ಮುಖ ಕಪ್ಪಿಟ್ಟಿತು. “ಏ ಚೌಡಿ, ಇದು ನನ್ನ ಮಾವನ ಮನೆ. ನಾನಿಲ್ಲಿ ಮನೆ ಅಳಿಯ. ಬೇಲಿ ನಂದು, ಕಾವಲು ನಂದು, ಮೀನೂ ನಂದು.”

“ಆಗಲಿ ಸರ್ಜಪ್ಪನೋರೆ, ಇರಿ. ತವರಿನೋರು ನಾವು ಬೇಡ ಅನ್ನಲ್ಲ. ಆದ್ರೆ ಮನೆ ಅಳಿಯ ಉಣ್ಣೋದು, ಮಲಗೋದು ಎಲ್ಲಾ ಮಾವನ ಮನೆ ಒಳಗೆ, ಮಡುವಿನ ತಳದಲ್ಲಿ. ಹೀಗೆ ದಡದ ಮೇಲೆ ನಿಂತ್ರೆ ಮಾವನೋರಿಗೆ ಅವಮಾನ. ಮೊದ್ಲು ಒಳಗೆ ನಡೀರಿ, ಬಾಗಿಲು ನಾವು ಹಾಕ್ಕೋತೀವಿ.”

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಮನೆ ಅಳಿಯನ ಸಾಮಾನು ಈಗಲೇ ಒಳಗೆ ಇಳಿಸಿ ಅಂತ ಆಳುಗಳಿಗೆ ಅಪ್ಪಣೆ ಮಾಡಿದ. ಸರ್ಜಪ್ಪ ಒದ್ದೆ ಪಂಚೆಯಲ್ಲೇ ತನ್ನೂರಿನ ದಾರಿ ಹಿಡಿದ. ಚೌಡಕ್ಕನ ಕೊರಳಿಗೆ ದೊರೆಯ ಮುತ್ತಿನ ಸರ ಬಂತು, ಬೇಲಿಯ ಮುಳ್ಳು ಕೇರಿಯ ಒಲೆಗೆ ಹೋಯಿತು.

ದೊರೆ ನಕ್ಕ ಅಂತ ನಾವು ಹಿಗ್ಗಬೇಕಾಗಿಲ್ಲ. ಯಾರನ್ನೂ ಕೇಳದೆ ಮಡುವನ್ನು ಭಾವಮೈದುನನಿಗೆ ಬಿಟ್ಟುಕೊಟ್ಟವನು ಅವನೇ. ನಗುವುದಕ್ಕೆ ಅವನಿಗೇನು ಖರ್ಚು?

ನಿಮ್ಮೂರಿನ ಕೆರೆಗೂ ಯಾರೋ ಬೇಲಿ ಹಾಕಿರಬಹುದು. ಒಳಗೆ ಅಪಾಯ ಇದೆ, ಬರಬೇಡಿ ಅನ್ನುತ್ತಿರಬಹುದು. ಹಾಗೆ ಅನ್ನುವವನ ಅಡುಗೆಮನೆಯಿಂದ ಯಾವ ವಾಸನೆ ಬರುತ್ತಿದೆ, ಮೂಗಿಟ್ಟು ನೋಡಿ. ಜಾಣರು ಬಂದು ಬಿಡಿಸಲಿ ಅಂತ ಕಾಯಬೇಡಿ. ಪುಸ್ತಕ ಮುಚ್ಚಿ. ಅಕ್ಕಪಕ್ಕದವರನ್ನು ಕೂಗಿ. ಹೋಗಿ ಎಲ್ಲರೂ ಒಟ್ಟಿಗೆ ನೀರಿಗಿಳಿಯಿರಿ.