ಮೊದಲ ಸಾಲಿನ ಶ್ರೀ

“ಗುರುಗಳೇ, ‘ಪ್ರವಚನ ಭಾಸ್ಕರ’ ಎಂದು ಊರವರು ನನಗೆ ಶಾಲು ಹೊದಿಸಿ ಬಿರುದು ಕೊಟ್ಟ ದಿನದಿಂದ ಜನರ ಮುಂದೆ ಕೂತರೆ ಒಂದು ಮಾತೂ ಹೊಳೆಯುತ್ತಿಲ್ಲ. ಕಲಿತದ್ದೆಲ್ಲ ಅಳಿಸಿಹೋಯಿತೇ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಹೊಸ ಶಾಲನ್ನು ಒಮ್ಮೆ ನೋಡಿ ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಔಷಧಿಯ ಬೇರು, ತೊಗಟೆ, ಚೂರ್ಣ ಮಾರುವವನು. ಅಂಗಡಿಯ ಗೋಡೆ ತುಂಬ ಮರದ ಖಾನೆಗಳು. ಖಾನೆಗಳ ಮೇಲೆ ಹೆಸರಿಲ್ಲ, ಅಂಕಿ ಮಾತ್ರ. ತನ್ನಲ್ಲಿ ಏನೇನಿದೆ ಎಂದು ಪಕ್ಕದಂಗಡಿಯವನಿಗೆ ಯಾಕೆ ತಿಳಿಯಬೇಕು? ಯಾವ ಖಾನೆಯಲ್ಲಿ ಏನಿದೆ ಎಂಬುದನ್ನು ಮೊಬೈಲಿನ ಒಂದು ಫೈಲಿನಲ್ಲಿ ಬರೆದಿಟ್ಟಿದ್ದ. ಅದನ್ನು ಓದಿ ತೋರಿಸಲು ಒಂದು ಆಪ್ ಮಾಡಿಸಿಕೊಂಡಿದ್ದ. ಸಾಮಾನಿನ ಹೆಸರು ಒತ್ತಿದರೆ ಖಾನೆಯ ಅಂಕಿ ಬರುತ್ತಿತ್ತು.

ದೀಪಾವಳಿಯ ಮರುದಿನ ಒಬ್ಬಳು ಹೆಂಗಸು ವೈದ್ಯರ ಚೀಟಿ ಹಿಡಿದು ಬಂದಳು. ಗಂಡನಿಗೆ ಜ್ವರ ಇಳಿದಿಲ್ಲ, ಕಷಾಯದ ಚೂರ್ಣ ಬೇಕು. ವ್ಯಾಪಾರಿ ಆಪ್ ತೆರೆದ. ಪರದೆ ಬೆಳ್ಳಗೆ. ಮುಚ್ಚಿ ತೆರೆದ. ಮತ್ತೆ ಬೆಳ್ಳಗೆ. ಪುಡಿಯಾದ ಮೇಲೆ ಎಲ್ಲವೂ ಕಣ್ಣಿಗೆ ಒಂದೇ. ಒಂದರ ಬದಲು ಇನ್ನೊಂದು ಕಟ್ಟಿದರೆ ರೋಗಿಯೂ ಹೋದ, ಅಂಗಡಿಯೂ ಹೋಯಿತು. ಫೈಲು ತೆರೆದು ನೋಡೋಣವೆಂದು ಅವನಿಗೆ ಹೊಳೆಯಲೇ ಇಲ್ಲ. ಪರದೆ ಖಾಲಿ ಎಂದರೆ ಎಲ್ಲವೂ ಖಾಲಿ ಎಂದೇ ಅವನ ಎಣಿಕೆ.

“ಏನ್ ಸಾವ್ಕಾರ್ರೇ, ಒಂದೊಂದೇ ಮೂಸಿ ನೋಡಿ ಕೊಡ್ತೀರಾ?” ಎಂದಳು ಹೆಂಗಸು.

ವ್ಯಾಪಾರಿ ಆಪ್ ಮಾಡಿಕೊಟ್ಟವಳಿಗೆ ಫೋನು ಹಚ್ಚಿದ. “ನಿಮ್ಮ ಆಪ್ ನನ್ನ ಅಂಗಡೀನೇ ನುಂಗಿಬಿಡ್ತಲ್ಲಮ್ಮ!”

“ಅದಕ್ಕೆ ಹೊಟ್ಟೇನೇ ಇಲ್ಲ, ಏನು ನುಂಗುತ್ತೆ? ಫೈಲನ್ನ ಓದಿ ತೋರಿಸುತ್ತೆ, ಅಷ್ಟೆ. ಫೈಲಲ್ಲಿ ಏನಾದ್ರೂ ಮುಟ್ಟಿದ್ರಾ?”

“ನಾನ್ಯಾಕೆ ಮುಟ್ಟಲಿ? ಪೂಜೆ ಮಾಡಿದೆ.”

“ಯಾವುದಕ್ಕೆ?”

“ಫೈಲಿಗೇ! ವರ್ಷಾ ವರ್ಷಾ ದೀಪಾವಳಿಗೆ ಅಂಗಡಿ ಪುಸ್ತಕಕ್ಕೆ ಮಾಡ್ತಿದ್ವಿ. ಈಗ ಪುಸ್ತಕ ಎಲ್ಲಿದೆ? ಫೈಲಿನ ಮೇಲ್ಗಡೆ ಹೊಸ ಸಾಲು ಮಾಡಿ ಶ್ರೀ ಅಂತ ಬರೆದೆ.”

ಅವಳು ಜೋರಾಗಿ ನಕ್ಕಳು. “ಸಾಮಾನು, ಖಾನೆ ಅನ್ನೋ ತಲೆಬರಹ ಮೊದಲ ಸಾಲಲ್ಲಿ ಇದ್ರೇನೇ ಆಪ್ ಮುಂದೆ ಓದೋದು. ಬರೆದದ್ದೆಲ್ಲ ಕೆಳಗೆ ಹಾಗೇ ಇದೆ. ಆ ಸಾಲು ತೆಗೀರಿ. ಶ್ರೀನ ಗೋಡೆ ಮೇಲೆ ಬರ್ಕೊಳ್ಳಿ.”

ವ್ಯಾಪಾರಿ ಫೈಲು ತೆರೆದ. ಇತ್ತು, ಎಲ್ಲವೂ ಇತ್ತು. ಕೆನ್ನೆ ಬಡಿದುಕೊಂಡು ಶ್ರೀ ಅಳಿಸಿದ. ಆಪ್ ತೆರೆದರೆ ಪರದೆ ತುಂಬಿತು. ಅವನು ಸ್ಟೂಲಿನ ಮೇಲೆ ಕೂತು ಒಬ್ಬನೇ ನಗತೊಡಗಿದ.

“ನಗೋದು ಆಮೇಲೆ, ಮೊದ್ಲು ಚೂರ್ಣ ಕಟ್ಟಿ,” ಎಂದಳು ಹೆಂಗಸು.

ಅಳೆದು ಕಟ್ಟಿಕೊಟ್ಟ. ಬೆಲೆಯಲ್ಲಿ ಮಾತ್ರ ಏನೂ ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ನಿನ್ನದೂ ಅಳಿಸಿಲ್ಲ, ಹೋಗು, ಆ ಭಾಸ್ಕರನನ್ನು ಗೋಡೆಗೆ ನೇತುಹಾಕಿ ಬಂದು ಕೂತ್ಕೋ.”