ಆರು ಚುಕ್ಕೆ ಹುಳಕ್ಕೆ ಗುರುತು ಇಟ್ಟವನು ನಾನು

ಸಿರಿಯಮ್ಮ, ಆ ಹುಳ ಮುಟ್ಟಬೇಡ, ಕಣ್ಣಿಗೆ ಉರಿನೀರು ಚಿಮ್ಮಿಸುತ್ತೆ. ಅದರ ಕರೀ ಬೆನ್ನ ಮೇಲೆ ಆರು ಬಿಳಿ ಚುಕ್ಕೆ ಇವೆಯಲ್ಲ, ಅವನ್ನ ಇಟ್ಟವನು ನಿನ್ನ ತಾತ. ಕಂಡವರು ಮೂವರೇ, ಗಾಳಿ, ಬೆಟ್ಟ ಮತ್ತೆ ಭೂಮಿತಾಯಿ. ಬೇಕಾದರೆ ಅವರನ್ನೇ ಕೇಳು.

ಲೋಕ ಆಗ ಹಸಿಹಸಿ. ಬೆಟ್ಟಗಳು ಇನ್ನೂ ಮೆತ್ತಗಿದ್ದವು, ಮೇಯಲು ಹತ್ತಿದ ನನ್ನ ಕುರಿಗಳ ಕಾಲು ಹೂತುಹೋಗೋವು. ಗಟ್ಟಿ ಬೆನ್ನಿನ ಹುಳಗಳೆಲ್ಲ ಒಂದೇ ಕಪ್ಪು, ಒಂದೇ ಮಂದೆ.

ಒಂದು ದಿನ ಭೂಮಿತಾಯಿ ಬಿತ್ತಿದ ಕಾಳೆಲ್ಲ ಖಾಲಿ. ತಿಂದದ್ದು ಯಾವುದೋ ಕರೀ ಹುಳ ಅಂತ ಗಾಳಿ ಹೇಳಿತು. ಹಾಗಾದರೆ ಹೊತ್ತು ಮುಳುಗೋದರೊಳಗೆ ಕರೀ ಹುಳಗಳೆಲ್ಲ ನನ್ನ ಹೊಲ ಬಿಡಲಿ ಅಂದಳು ತಾಯಿ.

ಉದ್ದ ಕಾಲಿನ ಹುಳವೊಂದು ನನ್ನ ಹತ್ತಿರ ಓಡಿ ಬಂತು. ತಾನು ಒಂದು ಕಾಳೂ ಮುಟ್ಟಿಲ್ಲ, ಈ ಹೊಲ ಬಿಟ್ಟರೆ ಬೇರೆ ನೆಲವಿಲ್ಲ ಅಂತ ಗೋಗರೆಯಿತು. ಬೆರೆತ ಮಂದೆ ಬೇರೆ ಮಾಡೋದರಲ್ಲಿ ನನ್ನಂಥವನು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕುರಿಯಾದರೂ ಹುಳವಾದರೂ ಮೊದಲು ಬಾಯಿ ನೋಡಬೇಕು.

ಎಲ್ಲವನ್ನೂ ನಿಲ್ಲಿಸಿ ಬಾಯಿ ತೆಗೆಸಿದೆ. ಕಾಳು ತಿನ್ನೋದರ ಬಾಯಲ್ಲಿ ಹಿಟ್ಟು. ಅದು ನಾಚಿಕೊಂಡು ಅವತ್ತೇ ಹೊಲ ಬಿಟ್ಟು ಕಣಜ ಸೇರಿತು. ಸಗಣಿ ಉರುಳಿಸೋದರ ಮುಂಗಾಲು ಸಲಿಕೆಯ ಹಾಗಿತ್ತು, ಅದರ ಗೊಡವೆ ಬೇಡ ಅಂತ ಅತ್ತ ಕಳಿಸಿದೆ. ಉದ್ದ ಕಾಲಿನ ನಮ್ಮ ಓಟಗಾರನ ಬಾಯಲ್ಲಿ ಮಾತ್ರ ಎರಡು ಕುಡುಗೋಲು.

"ಕುಡುಗೋಲಿಂದ ತೆನೆನೂ ಕೊಯ್ಯಬಹುದು," ಅಂದಳು ಭೂಮಿತಾಯಿ.

ಅದೂ ಸರಿಯೇ. ಒಂದು ಕಡೆ ರಾಗಿ ಸುರಿದೆ, ಇನ್ನೊಂದು ಕಡೆ ಕಂಬಳಿಹುಳ ಬಿಟ್ಟೆ, ಹಸಿದ ಓಟಗಾರನನ್ನ ನಡುವೆ ಇಟ್ಟೆ. ಹೊತ್ತು ಮುಳುಗುತ್ತಿತ್ತು.

ಅದು ರಾಗಿ ಕಡೆಗೇ ಓಡಿತು. ಓಡಿ, ರಾಶಿ ಹತ್ತಿ, ಆಚೆ ಇಳಿದು, ಹಿಂದೆ ಅಡಗಿದ್ದ ಇನ್ನೊಂದು ಕಂಬಳಿಹುಳವನ್ನ ಕಚ್ಚಿ ಎಳೆದು ತಂತು. ರಾಗಿಯ ಒಂದು ಕಾಳೂ ಕಮ್ಮಿಯಾಗಿರಲಿಲ್ಲ.

ಗಾಳಿ ಶಿಳ್ಳೆ ಹಾಕಿತು. ಬೆಟ್ಟಗಳು ಹೌದೌದು ಅಂದವು.

"ನೀನು ಕಳ್ಳನಲ್ಲಪ್ಪ, ನನ್ನ ಕಾವಲುಗಾರ," ಅಂದಳು ಭೂಮಿತಾಯಿ. "ನಾಳೆ ನಿನ್ನ ಗುರುತು ಹಿಡಿಯೋದು ಹೇಗೆ?"

ನಾನಿರೋವಾಗ ಅದೇನು ಮಹಾ. ಕುರಿಗೆ ಗುರುತು ಇಡೋ ಹಾಗೆ, ಎಲೆಅಡಿಕೆ ಚೀಲದ ಸುಣ್ಣ ತೆಗೆದು ಈ ಹೆಬ್ಬೆರಳಲ್ಲೇ ಆರು ಚುಕ್ಕೆ ಒತ್ತಿದೆ. ಇನ್ನು ಈ ನೆಲ ಬಿಟ್ಟು ಹಾರಲ್ಲ ಅಂತ ಅದು ಬೆನ್ನ ಮೇಲಿನ ರೆಕ್ಕೆಮುಚ್ಚಳ ಎರಡನ್ನೂ ಬೆಸೆದುಕೊಂಡಿತು. ಅದಕ್ಕೇ ನೋಡು, ಇವತ್ತಿಗೂ ಇದು ಹಾರಲ್ಲ, ಆರು ಚುಕ್ಕೆ ಹೊತ್ತು ದೊರೆಯ ಹಾಗೆ ಹೊಲದ ತುಂಬ ಓಡುತ್ತೆ.

ಸಿರಿಯಮ್ಮ ನನ್ನ ಹೆಬ್ಬೆರಳು ಹಿಡಿದು ಹುಳದ ಪಕ್ಕದ ಮಣ್ಣಿಗೆ ಒತ್ತಿದಳು. ಗುರುತನ್ನೂ ಹುಳವನ್ನೂ ನೋಡಿದಳು.

"ತಾತ, ನಿನ್ನ ಬೆರಳೇ ಇದರ ಬೆನ್ನಿಗಿಂತ ಅಗಲ ಇದೆ. ಆರು ಚುಕ್ಕೆ ಎಲ್ಲಿಟ್ಟೆ?"

ನಾನು ಹೆಗಲ ಮೇಲಿನ ಕಂಬಳಿ ಮೇಲಕ್ಕೆ ಎಳೆದುಕೊಂಡೆ.

"ಲೋಕ ಎಳೇದಿತ್ತು ಕಣವ್ವ. ಬೆರಳೂ ಎಳೇದಿತ್ತು."