ಮಿಲ್ಕವ್ವ ಮಗ್ಗದ ಕುಣಿಗೆ ಇಳಿದದ್ದು

ಬಹಳ ಹಿಂದಿನ ಮಾತು, ಕೇಳ್ರಪ್ಪಾ. ಯಾವ ವರ್ಷ ಅಂತ ಮಾತ್ರ ಕೇಳಬೇಡಿ. ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದಿದು. ಮಲಪ್ರಭೆಯ ದಂಡೆಗೆ ಒಂದೂರು. ಆ ಊರಲ್ಲಿ ನೇಕಾರರದೊಂದು ಓಣಿ, ಓಣಿಯ ತುದಿಗೆ ಒಂದು ಸಣ್ಣ ಚರ್ಚು. ಆ ಚರ್ಚಿನಲ್ಲಿ ಐತವಾರದ ಸಾಲಿ, ಅಂದರೆ ಭಾನುವಾರದ ಶಾಲೆ, ನಡೆಸುತ್ತಿದ್ದವಳು ಮಿಲ್ಕವ್ವ.

ಅವಳು ಒಂದೇ ಬಾಯಲ್ಲಿ ಮೂರು ಪಾಠ ಹೇಳುತ್ತಿದ್ದಳಂತೆ. ಅದೇ ಮಾತು ಕೂಸುಗಳಿಗೆ ಕಥೆಯಾಗಿ, ಹರೆಯದವರಿಗೆ ಪ್ರಶ್ನೆಯಾಗಿ, ಮುದುಕರಿಗೆ ಸಮಾಧಾನವಾಗಿ ಕೇಳುತ್ತಿತ್ತಂತೆ. ಕಿಟಕಿಯಲ್ಲಿ ಗುಬ್ಬಿಗಳೂ ಸದ್ದಿಲ್ಲದೆ ಕೂತಿರುತ್ತಿದ್ದವಂತೆ. ಗುಬ್ಬಿಯ ಸಂಗತಿ ನನಗೆ ಗೊತ್ತಿಲ್ಲ. ಮೊದಮೊದಲು ಅವಳ ಪಾಠವನ್ನು ಯಾರೂ ಕೂತು ಕೇಳುತ್ತಿರಲಿಲ್ಲ ಅನ್ನುವುದು ಮಾತ್ರ ಖರೆ.

ಅವಳು ಪಟ್ಟಣದವಳು, ಮಾಸ್ತರನ ಹೆಂಡತಿ. ಗಂಡ ತೀರಿಕೊಂಡ ಮೇಲೆ ತಂಗಿಯ ಮನೆಗೆ ಬಂದು ನಿಂತವಳು. ಓದುಬರಹ ಬಲ್ಲವಳೆಂದು ಹಿರಿಯರು ಸಾಲಿಯನ್ನು ಅವಳ ಕೈಗೆ ಕೊಟ್ಟರು. ಇದ್ದದ್ದು ಒಂದು ಕೋಣೆ, ಒಂದು ತಾಸು. ನಾಲ್ಕು ವರ್ಷದ ಕೂಸಿನಿಂದ ಎಪ್ಪತ್ತರ ಮುದುಕರವರೆಗೆ ಎಲ್ಲರೂ ಅಲ್ಲೇ. ಕೂಸುಗಳಿಗೆ ಕಥೆ ಶುರು ಮಾಡಿದರೆ ಹರೆಯದವರು ಆಕಳಿಸುವರು. ಹರೆಯದವರ ಪ್ರಶ್ನೆಗೆ ಉತ್ತರ ಹೇಳುತ್ತಾ ನಿಂತರೆ ಕೂಸುಗಳು ಒಂದರ ಜುಟ್ಟು ಒಂದು ಹಿಡಿಯುವವು. ಮುದುಕರಿಗೆ ಅಕ್ಷರ ತಿದ್ದಿಸಲು ಕೂತರೆ ಕೂಸುಗಳೂ ಹರೆಯದವರೂ ಹೊರಗೆ ಓಡುವರು.

ಆ ಮುದುಕರಲ್ಲಿ ಸಮಾಧಾನಪ್ಪ ಎಂಬ ನೇಕಾರನಿದ್ದ. ಅವನ ಹೆಂಡತಿ ದಿನಾ ಸಂಜೆ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದಿ ಹೇಳುತ್ತಿದ್ದಳಂತೆ. ಅವಳು ಹೋದಳು, ಪುಸ್ತಕ ಉಳಿಯಿತು. ಅದನ್ನು ತನ್ನ ಕಣ್ಣಿಂದ ಒಮ್ಮೆ ಓದಬೇಕು ಅನ್ನುವುದು ಅವನ ಆಸೆ. ಆದರೆ ಕಣ್ಣಿಗೆ ಪೊರೆ ಬರುತ್ತಿತ್ತು. ಉಳಿದ ಹೊತ್ತು ಕಡಿಮೆ ಅಂತ ಅವನಿಗೆ ಗೊತ್ತಿತ್ತು.

ಒಂದು ಐತವಾರ ಮಿಲ್ಕವ್ವ ಹಲಗೆಯ ಮೇಲೆ ‘ನೋಹನ ನಾವೆ’ ಎಂದು ಬರೆದು ಅವನನ್ನು ಎಬ್ಬಿಸಿ ನಿಲ್ಲಿಸಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿದ. ‘ನೋಹನ ನಾಯಿ’ ಎಂದು ಓದಿದ.

ಐದು ವರ್ಷದ ಸಾಲೋಮಿ ಕೇಳಿದಳು: “ನಾಯಿ ಹೆಸರೇನಿತ್ತಜ್ಜಾ?”

ಕೋಣೆಗೆ ಕೋಣೆಯೇ ನಕ್ಕಿತು. ಮಿಲ್ಕವ್ವನೂ ನಕ್ಕಳು. ಸೆರಗು ಬಾಯಿಗೆ ಒತ್ತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಇಳಿದು ನೋಡಿದರೆ ಸಮಾಧಾನಪ್ಪ ಬಾಗಿಲ ಹತ್ತಿರ ರುಮಾಲು ಸುತ್ತಿಕೊಳ್ಳುತ್ತಿದ್ದ.

ಮುಂದಿನ ಐತವಾರ ಅವನು ಬರಲಿಲ್ಲ. ಅದರ ಮುಂದಿನ ಐತವಾರವೂ ಬರಲಿಲ್ಲ. ಮಿಲ್ಕವ್ವನಿಗೆ ಊಟ ರುಚಿಸಲಿಲ್ಲವಂತೆ. ಸೋಮವಾರ ಬೆಳಿಗ್ಗೆ ಅವನ ಮನೆಗೆ ಹೋದಳು. ಅವನು ನೆಲದಲ್ಲಿ ತೋಡಿದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ.

“ತಪ್ಪಾತು ಕಾಕಾ,” ಅಂದಳು. “ನಾ ನಗಬಾರದಿತ್ತು.”

“ಹುಡುಗರು ನಕ್ಕದ್ದು ಏನೂ ಅನಸಲಿಲ್ಲವ್ವಾ,” ಅಂದ ಅವನು. “ನೀ ನಕ್ಕಿ ನೋಡು, ಅದು ಮನಸಿಗೆ ಹತ್ತಿತು. ತಿಳೀದವನ ಹಣೇಬರಹ ತಿಳಿದವರಿಗೆ ಹೆಂಗ ಗೊತ್ತಾಗಬೇಕು?”

ಮಿಲ್ಕವ್ವ ಕುಣಿಯ ಅಂಚಿಗೆ ಬಂದು ಬಗ್ಗಿ ಮಗ್ಗವನ್ನು ನೋಡಿದಳು. ಆಮೇಲೆ, “ಹಂಗಾರ ನನಗ ನೇಯೂದು ಕಲಸು,” ಅಂದಳು.

ಅವನು ಬೇಡವೆಂದ. ಅವಳು ಬಿಡಲಿಲ್ಲ. ಸೀರೆ ಎತ್ತಿ ಕಟ್ಟಿ ಕುಣಿಗೆ ಇಳಿದೇಬಿಟ್ಟಳು. ನೂಲಿನ ಲಾಳಿ ಎಸೆದರೆ ಅದು ಅಂಗಳಕ್ಕೆ ಹೋಗಿ ಬಿತ್ತು. ಎಳೆ ಹರಿಯಿತು. ಸುದ್ದಿ ಓಣಿಗೆಲ್ಲ ಹಬ್ಬಿ ಸಾಲಿಯ ಹುಡುಗರೆಲ್ಲ ಬಾಗಿಲಿಗೆ ಬಂದು ಮುಕುರಿದರು. ನಮ್ಮಕ್ಕೋರಿಗೆ ಏನೂ ಬರೂದಿಲ್ಲ ಅಂತ ಬಿದ್ದುಬಿದ್ದು ನಕ್ಕರು. ಅವಳ ಕಿವಿ ಕೆಂಪಾದವು. ಎದ್ದು ಓಡಿಹೋಗಬೇಕು ಅನ್ನಿಸಿತು. ಸಮಾಧಾನಪ್ಪ ಮಾತ್ರ ನಗಲಿಲ್ಲ. ಹರಿದ ಎಳೆಯ ತುದಿಗಳನ್ನು ಅವಳ ಕೈಗಿಟ್ಟು, “ಅವಸರ ಮಾಡಬ್ಯಾಡ. ಇವತ್ತು ಗಂಟು ಹಾಕೂದಷ್ಟ ಕಲಿ,” ಅಂದ.

ಹೀಗೆ ಸೋಮವಾರದ ಮೇಲೆ ಸೋಮವಾರ ಹೋದಳಂತೆ. ಅವನ ಮನೆಯಲ್ಲಿ ಮೊಮ್ಮಗಳು ನೂಲು ಬಿಡಿಸುತ್ತಿದ್ದಳು, ಸೊಸೆ ಬಣ್ಣ ಹಾಕುತ್ತಿದ್ದಳು, ಅವನು ನೇಯುತ್ತಿದ್ದ. ಮೂವರದೂ ಒಂದೇ ಸೀರೆಯ ಕೆಲಸ, ಆದರೆ ಯಾರ ಕೆಲಸವನ್ನೂ ಇನ್ನೊಬ್ಬರ ತಲೆಗೆ ಕಟ್ಟುತ್ತಿರಲಿಲ್ಲ. ಮಿಲ್ಕವ್ವ ಅದನ್ನು ನೋಡಿದಳು, ನೋಡುತ್ತಾ ನೋಡುತ್ತಾ ಅವಳ ಪಾಠವೂ ಬದಲಾಯಿತು. ಕಥೆಯೊಂದೇ, ಕೂಸುಗಳು ಅದನ್ನು ಕುಣಿದು ಆಡಿ ತೋರಿಸುವವು. ಹದಿನಾಲ್ಕು ವರ್ಷದ ಕೆಜೀಯ ಎಂಬವಳಂಥ ವಾದದ ಹುಡುಗಿಯರು ಆಟ ನಿಲ್ಲಿಸಿ, “ಹಂಗ್ಯಾಕ ಮಾಡಿದ?” ಅಂತ ಕೇಳುವರು. ಮುದುಕರು ತಾವು ಕಂಡುಂಡದ್ದನ್ನು ಹೇಳುವರು. ಆ ಮಾತೇ ಹಲಗೆಯ ಮೇಲೆ ಬರಹವಾಗಿ ಅವರ ಓದಿನ ಪಾಠವಾಗುವುದು. ಎಲ್ಲ ಐತವಾರವೂ ನೆಟ್ಟಗೆ ನಡೆಯುತ್ತಿರಲಿಲ್ಲ, ಕೂಸುಗಳು ಕೂಸುಗಳೇ. ಆದರೆ ಸಮಾಧಾನಪ್ಪ ತಿರುಗಿ ಬಂದ.

ಮಳೆಗಾಲ ಮುಗಿದ ಮೇಲೆ ಒಂದು ಐತವಾರ ಅವನು ಹೆಂಡತಿಯ ಪುಸ್ತಕ ಬಿಚ್ಚಿ ನಿಂತ. ಆರೇಳು ಸಾಲಿನ ಕೀರ್ತನೆ. ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದ. ತಾಸೆಲ್ಲ ಅದಕ್ಕೇ ಹೋಯಿತು. ಸಾಲೋಮಿ ಕೆಜೀಯಳ ತೊಡೆಯ ಮೇಲೆ ನಿದ್ದೆ ಹೋದಳು. ಯಾರೂ ಎದ್ದು ಹೋಗಲಿಲ್ಲವಂತೆ. ಓದಿ ಮುಗಿಸಿ ಅವನು ಪುಸ್ತಕವನ್ನು ಎದೆಗೆ ಒತ್ತಿಕೊಂಡು, “ಆಕಿ ಇದನ್ನ ಭಾಳ ಲಗೂನ ಓದತಿದ್ದಳು,” ಅಂದನಂತೆ. ಮರುವರ್ಷ ಅವನಿಗೆ ಪೂರಾ ಕಣ್ಣು ಕಾಣದಾಯಿತು.

ಮಿಲ್ಕವ್ವನೂ ಹೋಗಿ ಯಾವ ಕಾಲವಾಯಿತೋ. ಈಗಲೂ ಆ ಊರಲ್ಲಿ ಐತವಾರದ ಸಾಲಿಗೆ ಪಾಠ ಹೇಳಲು ಹೊಸಬರು ಯಾರೇ ಬಂದರೂ ಮೊದಲು ಮೂರು ಸೋಮವಾರ ಅವರನ್ನು ಮಗ್ಗದ ಕುಣಿಯಲ್ಲಿ ಕೂಡಿಸುತ್ತಾರೆ, ಹುಡುಗರೆಲ್ಲ ನೋಡುವ ಹಾಗೆ. ಹೋದ ಸಲ ದೊಡ್ಡ ಕಾಲೇಜಿನಲ್ಲಿ ಕಲಿತವನೊಬ್ಬ ಕೂತಿದ್ದ. ಒಂದು ಸಣ್ಣ ಹುಡುಗಿ ಅವನ ತಪ್ಪಿಗೆ ಬೆರಳಿಟ್ಟು, “ಹಂಗಲ್ಲರೀ,” ಅಂದಳು. ಅವನು ಅವಳ ಮುಖ ನೋಡಿ, “ಮತ್ತೊಮ್ಮಿ ತೋರಸವ್ವಾ,” ಅಂದ.

ಅವನಿಗೇ ಸಾಲಿ ಕೊಟ್ಟರು.